ಒಂದು ಗ್ರಾಂ ಕೋಬಾಲ್ಟ್, ಹದಿನಾರು ಬಟ್ಟಲು: ನಮ್ಮ ಸ್ಟುಡಿಯೋಗೆ ತಕ್ಕಡಿ ಕೊಂಡ ಪ್ರಕರಣ

ಬೆಂಗಳೂರಿನ ತ್ಯಾಗರಾಜನಗರದಲ್ಲಿ ನಮ್ಮದೊಂದು ಸಣ್ಣ ಪಾಟರಿ ಸ್ಟುಡಿಯೋ ಇದೆ. ನಾನು ಮತ್ತು ನಮ್ಮ ದೊಡ್ಡಮ್ಮನ ಮಗಳು, ಇಬ್ಬರೇ ನಡೆಸುವುದು. ಅವಳನ್ನು ಅಕ್ಕ ಅಂತಲೇ ಕರೆದು ರೂಢಿ, ಇಲ್ಲೂ ಹಾಗೇ ಬರೆಯುತ್ತೇನೆ. ಎರಡು ವೀಲ್, ಪಾತ್ರೆ ಸುಡೋಕೆ ಒಂದು ಕರೆಂಟ್ ಕಿಲ್ನ್, ಹಿಂದಿನ ಕೋಣೆಯಲ್ಲಿ ಗ್ಲೇಜ್ (ಪಾತ್ರೆಗೆ ಹಚ್ಚಿ ಸುಡುವ ಗಾಜಿನಂಥ ಲೇಪ) ಸಾಮಾನು. ತೂಕಕ್ಕೆ ಒಂದು ಅಡುಗೆಮನೆ ತಕ್ಕಡಿ. 5 ಕೆ.ಜಿ. ತನಕ ತೂಗುತ್ತದೆ, ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಮೂರು ವರ್ಷ ಎಲ್ಲವನ್ನೂ ಅದರಲ್ಲೇ ತೂಗಿದೆವು, ಮಣ್ಣಿನ ಉಂಡೆಯಿಂದ ಹಿಡಿದು ಗ್ಲೇಜಿಗೆ ನೀಲಿ ಬಣ್ಣ ಕೊಡುವ ಕೋಬಾಲ್ಟ್ ಪುಡಿ ತನಕ. ಏನೂ ತೊಂದರೆ ಆಗಿರಲಿಲ್ಲ, ಅಥವಾ ಆದದ್ದು ನಮಗೆ ಗೊತ್ತಾಗಿರಲಿಲ್ಲ.

ಗೊತ್ತಾದದ್ದು 48 ಬಟ್ಟಲುಗಳ ಒಂದು ಆರ್ಡರ್ ಬಂದಾಗ. ಒಂದು ಸಣ್ಣ ಹೋಟೆಲಿನವರು, ತಿಳಿ ನೀಲಿ ಬಣ್ಣ ಬೇಕು ಅಂದರು. ನಾವು 200 ಗ್ರಾಂ ಗ್ಲೇಜ್ ಮಾಡಿ, ಅದಕ್ಕೆ ಅರ್ಧ ಪರ್ಸೆಂಟ್ ಲೆಕ್ಕದಲ್ಲಿ 1 ಗ್ರಾಂ ಕೋಬಾಲ್ಟ್ ಕಾರ್ಬೋನೇಟ್ ಹಾಕಿ, ಬಣ್ಣ ನೋಡೋಕೆ ಮಾಡುವ ಸಣ್ಣ ಮಣ್ಣಿನ ಬಿಲ್ಲೆ, ಅಂದರೆ ಟೆಸ್ಟ್ ಟೈಲ್, ಸುಟ್ಟು ಕೊಟ್ಟೆವು. ಸ್ಕೂಲ್ ಯೂನಿಫಾರಂ ಶರ್ಟಿನ ನೀಲಿ ಇರುತ್ತದಲ್ಲ, ಒಗೆದು ಒಗೆದು ಮೆತ್ತಗಾದದ್ದು, ಆ ಬಣ್ಣ. ಅವರಿಗೆ ತುಂಬಾ ಹಿಡಿಸಿತು. ಟೈಲ್ ಅವರೇ ಇಟ್ಟುಕೊಂಡು ಅಡ್ವಾನ್ಸ್ ಕೊಟ್ಟರು. ಅದರ ಜೋಡಿ ಟೈಲ್ ನಮ್ಮ ಹತ್ತಿರ ಉಳಿಯಿತು. ಆಮೇಲೆ ಅದೇ ಲೆಕ್ಕದಲ್ಲಿ 5 ಕೆ.ಜಿ. ಗ್ಲೇಜ್ ಕಲಸಿದೆವು, 25 ಗ್ರಾಂ ಕೋಬಾಲ್ಟ್. ಮೊದಲ ಸುಡುವಿಕೆಗೆ 16 ಬಟ್ಟಲು ಹಿಡಿದವು. 1220 ಡಿಗ್ರಿ. ಮಾರನೇ ದಿನ ಸಂಜೆ ಕಿಲ್ನ್ ಬಾಗಿಲು ತೆಗೆದರೆ ಹದಿನಾರಕ್ಕೆ ಹದಿನಾರೂ ಬಾಲ್‌ಪೆನ್ ಇಂಕಿನ ಬಣ್ಣ. ಬಟ್ಟಲುಗಳೇನೋ ಚೆನ್ನಾಗಿದ್ದವು. ಒಂದೂ ಬಿರುಕು ಬಿಟ್ಟಿರಲಿಲ್ಲ, ಗ್ಲೇಜ್ ಹರಿದಿರಲಿಲ್ಲ. ಆದರೆ ಅವರು ಕೇಳಿದ ಬಣ್ಣ ಅದಾಗಿರಲಿಲ್ಲ, ಪಕ್ಕದಲ್ಲಿ ಟೈಲ್ ಹಿಡಿದು ನೋಡಿದರೆ ಎರಡೂ ಬೇರೆ ಬೇರೆ ಗ್ಲೇಜ್ ಅನ್ನೋ ಹಾಗೆ ಕಾಣುತ್ತಿತ್ತು.

ಮೊದಲು ಕಿಲ್ನ್ ಮೇಲೆ ಅನುಮಾನ ಬಂತು. ಜಾಸ್ತಿ ಸುಟ್ಟಿರಬಹುದಾ ಅಂತ ಒಳಗಿಟ್ಟ ಕೋನ್ (ಬಿಸಿ ಎಷ್ಟಾಯಿತು ಅಂತ ಬಾಗಿ ತೋರಿಸುವ ಸಣ್ಣ ಕಡ್ಡಿ) ನೋಡಿದರೆ ಎಂದಿನ ಹಾಗೇ ಬಾಗಿತ್ತು. ಆಮೇಲೆ ಗ್ಲೇಜ್ ದಪ್ಪ ಆಗಿರಬಹುದಾ ಅಂತ ಒಂದು ಒಡೆದ ಚೂರಿನ ಅಂಚು ನೋಡಿದೆವು, ಅದೂ ಸರಿ ಇತ್ತು. ಅಕ್ಕ ಕೋಬಾಲ್ಟ್ ಡಬ್ಬಿ ಬದಲಾಗಿದೆಯಾ ಅಂತ ಕೇಳಿದಳು. ಇಲ್ಲ, ಟೈಲಿಗೂ ಬಟ್ಟಲಿಗೂ ಅದೇ ಡಬ್ಬಿ. ಐದು ಕೆ.ಜಿ. ಕಲಸುವಾಗ ನಾನು ಲೆಕ್ಕ ತಪ್ಪಿದೆನಾ ಅಂತ ಪುಸ್ತಕ ತೆಗೆದು ಎರಡು ಸಲ ಕೂಡಿದೆ. ಸರಿಯಾಗೇ ಇತ್ತು. ಎರಡು ದಿನ ಹೀಗೇ ಹೋಯಿತು. ನಾವಿಬ್ಬರೂ ದೊಡ್ಡ ಬಕೆಟಿನಲ್ಲೇ ತಪ್ಪು ಹುಡುಕುತ್ತಿದ್ದೆವು, ಯಾಕೆಂದರೆ ಟೈಲ್ ಸರಿ ಅಂತ ಇಬ್ಬರೂ ನಂಬಿಕೊಂಡಿದ್ದೆವು.

ಮೂರನೇ ದಿನ ಬೇರೆ ಯಾವುದೋ ಟೆಸ್ಟಿಗೆ ಅಕ್ಕ ಐರನ್ ಆಕ್ಸೈಡ್ ತೂಗುತ್ತಿದ್ದಳು. ನಾನು ಪಕ್ಕದಲ್ಲಿ ನಿಂತಿದ್ದೆ. ಚಮಚದ ತುದಿಯಲ್ಲಿ ಪುಡಿ ತೆಗೆದುಕೊಂಡು, ಬೆರಳಿನಿಂದ ಚಮಚವನ್ನು ತಟ್ಟಿ ತಟ್ಟಿ ಉದುರಿಸುತ್ತಾಳೆ. ತಕ್ಕಡಿ 0 ತೋರಿಸುತ್ತಿದೆ. ಇನ್ನೊಂದು ಸಲ ತಟ್ಟಿದಳು, 0. ಮತ್ತೊಂದು ಸಲ, 1. ಅಂಕಿ ಬದಲಾದ ಕೂಡಲೇ ಕೈ ನಿಲ್ಲಿಸಿದಳು. ನಾನೂ ಹಾಗೇ ಮಾಡುತ್ತೇನೆ, ಎಲ್ಲರೂ ಹಾಗೇ ಮಾಡುತ್ತಾರೆ ಅಲ್ವಾ? ಆದರೆ 1 ಗ್ರಾಂ ಲೆಕ್ಕದ ತಕ್ಕಡಿ ಹತ್ತಿರದ ಅಂಕಿಗೆ ತಂದು ತೋರಿಸುತ್ತದೆ. ಒಳಗೆ ಅರ್ಧ ಗ್ರಾಂ ದಾಟಿದ ಕ್ಷಣಕ್ಕೇ ಪರದೆ ಮೇಲೆ 1 ಅಂತ ಬರುತ್ತದೆ. ನಾವು ಅಲ್ಲೇ ನಿಲ್ಲಿಸಿದರೆ ಬಿದ್ದಿರೋದು ಅರ್ಧ ಗ್ರಾಂಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಂದರೆ ಆ ಟೈಲಿನಲ್ಲಿ ಅರ್ಧ ಪರ್ಸೆಂಟ್ ಕೋಬಾಲ್ಟ್ ಇರಲೇ ಇಲ್ಲ. 25 ಗ್ರಾಂ ತೂಗುವಾಗ ಅದೇ ಅರ್ಧ ಗ್ರಾಂ ಆಚೀಚೆ ಆದರೂ ಏನೂ ಆಗೋದಿಲ್ಲ, ಹಾಗಾಗಿ ದೊಡ್ಡ ಬಕೆಟ್ ಸರಿಯಾಗೇ ಇತ್ತು. ತಪ್ಪಿದ್ದು ಟೈಲ್.

ಇದನ್ನು ಸುಮ್ನೆ ಊಹೆ ಅಂತ ಬಿಡೋದಕ್ಕೆ ಮನಸ್ಸಾಗಲಿಲ್ಲ. ಕೋಬಾಲ್ಟ್ ಬೇರೆಯವರ ಅಂಗಡಿಗೆ ತೆಗೆದುಕೊಂಡು ಹೋಗೋ ಪದಾರ್ಥ ಅಲ್ಲ, ಹಾಗಾಗಿ ಪುಡಿ ಉಪ್ಪು ತೆಗೆದುಕೊಂಡೆವು. ನಮ್ಮ ತಕ್ಕಡಿಯಲ್ಲಿ ಎಂದಿನ ಹಾಗೇ ಚಮಚ ತಟ್ಟಿ "1 ಗ್ರಾಂ" ತೂಗಿ, ಒಂದೊಂದನ್ನೂ ಬೇರೆ ಬೇರೆ ಬಟರ್ ಪೇಪರಿನಲ್ಲಿ ಮಡಿಸಿ, ಐದು ಪೊಟ್ಟಣ ಮಾಡಿ ನಮ್ಮ ಬೀದಿ ಕೊನೆಯ ಚಿನ್ನದಂಗಡಿಗೆ ಹೋದೆವು. ಅಂಗಡಿಯವರು ನಮಗೆ ಗೊತ್ತಿರುವವರೇ, ದೀಪಾವಳಿಗೆ ನಮ್ಮ ಹತ್ತಿರ ಹಣತೆ ತಗೋತಾರೆ. ಅವರ ತಕ್ಕಡಿ ಗಾಜಿನ ಪೆಟ್ಟಿಗೆ ಒಳಗಿರುತ್ತದೆ. ಖಾಲಿ ಕಾಗದ ಇಟ್ಟು ಸೊನ್ನೆ ಮಾಡಿ, ಒಂದೊಂದೇ ಪೊಟ್ಟಣ ಬಿಚ್ಚಿ ಸುರಿದು ತೂಗಿ ಹೇಳುತ್ತಾ ಹೋದರು, ನಾನು ಬರೆದುಕೊಂಡೆ: 0.58, 0.71, 0.55, 0.94, 0.62. ಐದರಲ್ಲಿ ಒಂದೂ ಒಂದು ಗ್ರಾಂ ಮುಟ್ಟಿರಲಿಲ್ಲ.

"ಚಿನ್ನ ಹೀಗೆ ತೂಗಿದ್ರೆ ಒಂದೇ ವಾರದಲ್ಲಿ ಅಂಗಡಿ ಬಾಗಿಲು ಹಾಕ್ಬೇಕಾಗ್ತಿತ್ತು ಕಣಮ್ಮ" ಅಂದರು ಅವರು. ಆಮೇಲೆ ನಮ್ಮ ಕೆಲಸ ಏನು, ಏನು ಹಾಕುತ್ತೀರಿ, ಎಷ್ಟು ಹಾಕುತ್ತೀರಿ ಅಂತೆಲ್ಲ ಕೇಳಿ, ನಗರತ್‌ಪೇಟೆ ಕಡೆ ಹೋಗಿ ನೋಡಿ, ಅಲ್ಲಿ ಅಕ್ಕಸಾಲಿಗರಿಗೆ ಬೇಕಾದ್ದೆಲ್ಲ ಸಿಗುತ್ತೆ, ಕೊಳ್ಳೋಕೆ ಮುಂಚೆ ನಿಮ್ಮ ಪಾತ್ರೆ ತಗೊಂಡು ಹೋಗಿ ಇಟ್ಟು ನೋಡಿ ಅಂತ ಹೇಳಿದರು. ಆ ಕೊನೇ ಮಾತಿನಿಂದ ಆಮೇಲೆ ನಮಗೆ ತುಂಬಾ ಉಪಯೋಗ ಆಯಿತು.

ಹೋಗುವ ಮೊದಲು ಒಂದು ಕೆಲಸ ಮಾಡಿದೆವು. ಹಿಂದಿನ ಆರು ತಿಂಗಳ ಗ್ಲೇಜ್ ಪುಸ್ತಕ ತೆಗೆದು ನಾವು ತೂಗಬೇಕಾಗಿದ್ದ ಅತಿ ಸಣ್ಣ ತೂಕ ಯಾವುದು, ಅತಿ ದೊಡ್ಡ ತೂಕ ಯಾವುದು ಅಂತ ಪಟ್ಟಿ ಮಾಡಿದೆವು. ತಕ್ಕಡಿ ಅಂದ ಕೂಡಲೇ ಎಲ್ಲರ ಬಾಯಲ್ಲಿ ಮೊದಲು ಬರೋದು "ಎಷ್ಟು ಕೆ.ಜಿ. ತೂಗುತ್ತೆ?" ಅನ್ನುವ ಪ್ರಶ್ನೆ. ಪಾಟರಿ ಕೆಲಸಕ್ಕೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಎಷ್ಟು ಕಡಿಮೆ ತೂಗಬೇಕು ಅನ್ನೋದು. ದೊಡ್ಡ ತುದಿಯಲ್ಲಿ ನಮ್ಮದು 10 ಕೆ.ಜಿ. ಬ್ಯಾಚಿಗೆ 4 ಕೆ.ಜಿ. ಫೆಲ್ಡ್‌ಸ್ಪಾರ್, ಅದೊಂದು ಬಗೆಯ ಕಲ್ಲಿನ ಪುಡಿ. ಪಾಟರಿ ಕಲಿಯುವವರಿಗೆಲ್ಲ ಮೊದಲು ಹೇಳಿಕೊಡುವ 4-3-2-1 ಗ್ಲೇಜ್ ಇದೆಯಲ್ಲ, ಫೆಲ್ಡ್‌ಸ್ಪಾರ್ 40, ಸಿಲಿಕಾ 30, ವೈಟಿಂಗ್ (ಸುಣ್ಣದಕಲ್ಲಿನ ಪುಡಿ) 20, ಚೈನಾ ಕ್ಲೇ 10, ಅದರಲ್ಲೂ ಅಷ್ಟೇ ಬರುತ್ತದೆ. ಸಣ್ಣ ತುದಿಯಲ್ಲಿ ಅರ್ಧ ಗ್ರಾಂ ಕೋಬಾಲ್ಟ್, ಒಂದು ಸಲ 0.3 ಗ್ರಾಂ ಕ್ರೋಮ್ ಆಕ್ಸೈಡ್. ಅರ್ಧ ಗ್ರಾಂನಿಂದ 4 ಕೆ.ಜಿ. ಅಂದರೆ ಎಂಟು ಸಾವಿರ ಪಟ್ಟು ವ್ಯತ್ಯಾಸ. ಇಷ್ಟು ಅಗಲಕ್ಕೆ ಒಂದೇ ತಕ್ಕಡಿ ಸಾಲದು ಅಂತ ಅವತ್ತೇ ಖಾತ್ರಿ ಆಯಿತು.

ಬಣ್ಣದ ಆಕ್ಸೈಡುಗಳ ಪೈಕಿ ಕೋಬಾಲ್ಟ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳೋದಕ್ಕೆ ಕಾರಣ ಇದೆ. ರೆಡ್ ಐರನ್ ಆಕ್ಸೈಡ್ 8 ಪರ್ಸೆಂಟ್ ಹಾಕೋ ಕಡೆ 8.3 ಆದರೆ ಕಣ್ಣಿಗೆ ಗೊತ್ತಾಗೋದಿಲ್ಲ. ಟಿನ್ ಆಕ್ಸೈಡ್ ಕೂಡ ಅಷ್ಟೇ. ಕೋಬಾಲ್ಟ್ ಹಾಗಲ್ಲ, ಕಾಲು ಪರ್ಸೆಂಟಿಗೇ ನೀಲಿ ಬಂದುಬಿಡುತ್ತದೆ, ಒಂದು ಪರ್ಸೆಂಟಿಗೆ ಗಾಢ ನೀಲಿ. ಬೆಲೆಯೂ ಜಾಸ್ತಿ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಬಾಲ್ಟ್ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ, ಅದರ ದೊಡ್ಡ ಪಾಲು ಬ್ಯಾಟರಿ ಮಾಡುವವರಿಗೆ ಹೋಗುತ್ತದೆ. ನಮ್ಮಂಥವರು 100 ಗ್ರಾಂ ಡಬ್ಬಿ ತಂದು ವರ್ಷಗಟ್ಟಲೆ ಇಟ್ಟುಕೊಳ್ಳುತ್ತೇವೆ.

ಮಣ್ಣಿನ ಕತೆ ಪೂರ್ತಿ ಬೇರೆ. ಪಾಟರಿ ಟೌನ್‌ನಲ್ಲಿ ಕುಂಬಾರರು ಕೆಲಸ ಮಾಡೋದನ್ನು ನೋಡಿ, ಉಂಡೆಯನ್ನು ಕೈಯಲ್ಲೇ ಅಂದಾಜು ಮಾಡಿ ತಿಗರಿ ಮೇಲೆ ಇಡುತ್ತಾರೆ, ಒಂದರ ಹಿಂದೆ ಒಂದು ಮಡಕೆ ಒಂದೇ ಅಳತೆಗೆ ಬರುತ್ತದೆ. ನಮ್ಮ ಕೈಗೆ ಆ ಅಂದಾಜು ಇನ್ನೂ ಬಂದಿಲ್ಲ, ಹಾಗಾಗಿ ತೂಗುತ್ತೇವೆ. ಒಂದು ಮಗ್ಗಿಗೆ 420 ಗ್ರಾಂ. ಅದು 410 ಆದರೂ 430 ಆದರೂ ಮಗ್ ಮಗ್ಗೇ. ಮಣ್ಣಿಗೆ ದುಬಾರಿ ತಕ್ಕಡಿ ಬೇಡವೇ ಬೇಡ, ಹಳೇ ಕಮಾನಿನ ಡಯಲ್ ತಕ್ಕಡಿ ಆದರೂ ಸಾಕು. ಸ್ಟುಡಿಯೋ ಶುರು ಮಾಡುವವರಲ್ಲಿ ತುಂಬಾ ಜನ ಮಣ್ಣು ತೂಗಬೇಕು ಅಂತ ದೊಡ್ಡ ತಕ್ಕಡಿ ಕೊಂಡು, ಗ್ಲೇಜಿಗೆ ಅದರಲ್ಲೇ ಸಾಗಿಸುತ್ತಾರೆ. ನನಗೆ ಅದು ಉಲ್ಟಾ ಅನ್ನಿಸುತ್ತದೆ.

ಆಯ್ಕೆಗಳನ್ನು ನೋಡಿದಾಗ ಅತಿ ಅಗ್ಗದ್ದು ಜೇಬಿನಲ್ಲಿ ಇಡುವ ಸಣ್ಣ ಡಿಜಿಟಲ್ ತಕ್ಕಡಿ, 200 ಗ್ರಾಂ ತನಕ, 0.01 ಗ್ರಾಂ ಲೆಕ್ಕ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ವಾಸಿ, ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕಡಿಮೆ ದುಡ್ಡಿನಲ್ಲಿ ಟೈಲ್ ಸರಿ ಮಾಡಿಕೊಳ್ಳೋಕೆ ಅಷ್ಟು ಸಾಕಾಗುತ್ತದೆ. ಆದರೆ ತಟ್ಟೆ ಅಂಗೈಗಿಂತ ಚಿಕ್ಕದು. 80 ಗ್ರಾಂ ಸ್ಟೀಲ್ ಬಟ್ಟಲು ಇಟ್ಟರೆ 200ರಲ್ಲಿ 80 ಅಲ್ಲೇ ಹೋಯಿತು. ಸ್ವಲ್ಪ ಹೊತ್ತು ಮುಟ್ಟದೇ ಬಿಟ್ಟರೆ ತಾನೇ ಆಫ್ ಆಗುತ್ತದೆ, ಸೊನ್ನೆ ಮಾಡಿಟ್ಟದ್ದು ಅಳಿಸಿಹೋಗುತ್ತದೆ. ಡಬ್ಬಿ ಮುಚ್ಚಳ ಬಿಗಿಯಾಗಿದ್ದು ತೆಗೆಯೋಷ್ಟರಲ್ಲಿ ಪರದೆ ಕಪ್ಪಗಾದರೆ ಎಷ್ಟು ಸಿಟ್ಟು ಬರುತ್ತೆ ಅಂತ ತೂಗಿದವರಿಗೇ ಗೊತ್ತು. ಕಾಲೇಜ್ ಲ್ಯಾಬುಗಳಲ್ಲಿ ಇರುವ ಮೂರು ಕಂಬಿಯ ತಕ್ಕಡಿಯನ್ನೂ ಯೋಚಿಸಿದೆವು, 610 ಗ್ರಾಂ ತನಕ, 0.1 ಗ್ರಾಂ ಲೆಕ್ಕ. ಬ್ಯಾಟರಿ ಬೇಡ, ಕರೆಂಟ್ ಬೇಡ, ಚೆನ್ನಾಗಿ ನೋಡಿಕೊಂಡರೆ ಒಂದು ತಲೆಮಾರು ಬರುತ್ತದೆ. ನನಗೆ ಅದರ ಮೇಲೆ ತುಂಬಾ ಮನಸ್ಸಿತ್ತು. ಆದರೆ 0.5 ಗ್ರಾಂ ತೂಗುವಾಗ 0.1 ಅನ್ನೋದು ಐದನೇ ಒಂದು ಪಾಲು. ಅಷ್ಟು ಸಣ್ಣ ಟೆಸ್ಟಿಗೆ ಸಾಲದು, ಬಿಟ್ಟೆವು.

ಇಲ್ಲಿ ನಾವೇ ಒಂದು ಲೆಕ್ಕ ಹಾಕಿಕೊಂಡೆವು. ತೂಗಬೇಕಾದ ಅತಿ ಸಣ್ಣ ತೂಕ, ತಕ್ಕಡಿ ತೋರಿಸುವ ಕೊನೇ ಅಂಕಿಯ 50 ಪಟ್ಟಾದರೂ ಇರಬೇಕು. 0.01 ಗ್ರಾಂ ತಕ್ಕಡಿಯಲ್ಲಿ ಅರ್ಧ ಗ್ರಾಂನಿಂದ ಮೇಲೆ. 1 ಗ್ರಾಂ ತಕ್ಕಡಿಯಲ್ಲಿ 50 ಗ್ರಾಂನಿಂದ ಮೇಲೆ. ಹೀಗಿದ್ದರೆ ಒಂದು ಅಂಕಿ ಆಚೀಚೆ ಆದರೂ ತಪ್ಪು ಎರಡು ಪರ್ಸೆಂಟ್ ದಾಟೋದಿಲ್ಲ, ಅಷ್ಟು ವ್ಯತ್ಯಾಸ ಬಣ್ಣದಲ್ಲಿ ಕಾಣೋದಿಲ್ಲ. ನಮ್ಮ ಹಳೇ ತಕ್ಕಡಿಯಲ್ಲಿ ನಾವು 1 ಗ್ರಾಂ ತೂಗಿದ್ದು ಈ ಲೆಕ್ಕಕ್ಕೆ ಎಷ್ಟು ದೂರ ಅಂತ ನೋಡಿ.

ಒಂದು ಶನಿವಾರ ಬೆಳಿಗ್ಗೆ ಹಸಿರು ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದೆವು. ಚೀಲದಲ್ಲಿ ನಮ್ಮ ಸ್ಟೀಲ್ ಬಟ್ಟಲು, ಗ್ಲೇಜ್ ಸಾಮಾನು ಹಾಕುವ ದೊಡ್ಡ ಪ್ಲಾಸ್ಟಿಕ್ ಬೇಸಿನ್, ಒಂದು ಪೊಟ್ಟಣ ಉಪ್ಪು, ಒಂದು 20 ರೂಪಾಯಿ ನಾಣ್ಯ. ಮೂರು ಅಂಗಡಿ ನೋಡಿದೆವು. ಮೊದಲ ಅಂಗಡಿಯಲ್ಲಿ ಬೇಸಿನ್ ಇಟ್ಟು ನೋಡಿದರೆ ಅದು ತಕ್ಕಡಿಯ ಮುಂದಿನ ಪರದೆಯನ್ನೇ ಮುಚ್ಚಿಬಿಟ್ಟಿತು, ಬಗ್ಗಿ ಇಣುಕಿದರೂ ಅಂಕಿ ಕಾಣಲಿಲ್ಲ. ಚಿನ್ನದಂಗಡಿಯವರ ಮಾತು ಆಗ ಅರ್ಥ ಆಯಿತು. ತರಕಾರಿ ಅಂಗಡಿಗಳಲ್ಲಿ ಕಂಬದ ಮೇಲೆ ಪರದೆ ಇರೋ ಮಷಿನ್ ಇಟ್ಟಿರುತ್ತಾರಲ್ಲ, ಅದು ಗಿರಾಕಿಗೆ ಕಾಣಲಿ ಅಂತ ಇರೋದು, ನಮಗೆ ಬೇಸಿನ್ ಮೇಲಿಂದ ಕಾಣೋಕೆ ಬೇಕಾಯಿತು.

ಎರಡನೇ ಅಂಗಡಿಯವರು ವಯಸ್ಸಾದವರು, ನಿಧಾನ, ನಾವು ಏನು ಮಾಡಿದರೂ ಬೇಡ ಅನ್ನಲಿಲ್ಲ. 600 ಗ್ರಾಂ, 0.01 ಗ್ರಾಂ ಲೆಕ್ಕದ ಎರಡು ತಕ್ಕಡಿ ಪಕ್ಕಪಕ್ಕ ಇಟ್ಟುಕೊಟ್ಟರು. ನಾಣ್ಯವನ್ನು ಹತ್ತು ಸಲ ಇಟ್ಟು ತೆಗೆದು ನೋಡಿದೆವು. 20 ರೂಪಾಯಿ ನಾಣ್ಯದ ಅಧಿಕೃತ ತೂಕ 8.54 ಗ್ರಾಂ. ನಮ್ಮದು ಒಂದರಲ್ಲಿ 8.52, ಇನ್ನೊಂದರಲ್ಲಿ 8.53 ಅಂತ ಬಂತು, ಹತ್ತು ಸಲಕ್ಕೆ ಒಂದು ಅಂಕಿಗಿಂತ ಜಾಸ್ತಿ ಕದಲಲಿಲ್ಲ. ನಾಣ್ಯ ಸವೆಯುತ್ತದೆ, ಒಂದಕ್ಕೊಂದು ಪೂರ್ತಿ ಸಮ ಇರೋದಿಲ್ಲ, ಹಾಗಾಗಿ ಅದರಿಂದ ತಕ್ಕಡಿ ನಿಜ ಹೇಳುತ್ತಿದೆಯಾ ಅಂತ ತೀರ್ಮಾನ ಮಾಡೋಕಾಗೋದಿಲ್ಲ. ಒಂದೇ ಮಾತು ಮತ್ತೆ ಮತ್ತೆ ಹೇಳುತ್ತಿದೆಯಾ ಅಂತ ನೋಡಬಹುದು. ಆಮೇಲೆ ತಟ್ಟೆಯ ನಡುವೆ, ನಾಲ್ಕು ಮೂಲೆಯಲ್ಲಿ ಇಟ್ಟು ನೋಡಿದೆವು.

ಎರಡರಲ್ಲಿ ಯಾವುದು ಅಂತ ತೀರ್ಮಾನ ಆದದ್ದು ಉಪ್ಪಿನಿಂದ. ಬಟ್ಟಲು ಇಟ್ಟು ಸೊನ್ನೆ ಮಾಡಿ, ಎರಡು ಬೆರಳ ನಡುವೆ ಉಪ್ಪು ಹಿಡಿದು ಕಾಳು ಕಾಳಾಗಿ ಉದುರಿಸಿದೆ. ಮೊದಲ ತಕ್ಕಡಿ 0.00 ಬಿಟ್ಟು ಕದಲಲೇ ಇಲ್ಲ. ಬಟ್ಟಲ ತಳದಲ್ಲಿ ಉಪ್ಪು ಬೆಳ್ಳಗೆ ಕಾಣುತ್ತಿದೆ, ಪರದೆ ಮಾತ್ರ ಸೊನ್ನೆ. ಅಂಗಡಿಯವರು ನಕ್ಕು ವಿವರಿಸಿದರು: "ಅದು ಸೊನ್ನೆ ಹಿಡ್ಕೊಳುತ್ತೆ ಮೇಡಂ. ಧೂಳು ಬಿದ್ರೆ, ಬಿಸಿಗೆ ಸ್ವಲ್ಪ ಸರಿದ್ರೆ ಅಂಕಿ ಓಡ್ಬಾರ್ದು ಅಂತ ಕಂಪನಿಯವ್ರೇ ಹಂಗೆ ಇಟ್ಟಿರ್ತಾರೆ. ನೀವು ತೀರಾ ನಿಧಾನ ಹಾಕಿದ್ರೆ ಅದನ್ನೂ ಧೂಳು ಅಂದ್ಕೊಳುತ್ತೆ." ಎರಡನೇ ತಕ್ಕಡಿಯಲ್ಲಿ ಇದು ಕಡಿಮೆ ಇತ್ತು, ಮೂರ್ನಾಲ್ಕು ಕಾಳಿಗೇ ಅಂಕಿ ಏರಿತು. ಅದನ್ನೇ ತೆಗೆದುಕೊಂಡೆವು. ಈ ಗುಣ ಇರುವ ತಕ್ಕಡಿ ನಿಮ್ಮ ಹತ್ತಿರ ಈಗಾಗಲೇ ಇದ್ದರೆ ಬಿಸಾಡಬೇಕಿಲ್ಲ. ಸೊನ್ನೆ ಮಾಡಿದ ಮೇಲೆ ತಟ್ಟೆ ಮೇಲೆ ಒಂದು ನಾಣ್ಯ ಇಡಿ, ಆಗ ಪರದೆ ಸೊನ್ನೆಯಲ್ಲಿ ಇರೋದಿಲ್ಲ, 8.53ರಿಂದ 9.03ರ ತನಕ ಹಾಕಿದರೆ ಅರ್ಧ ಗ್ರಾಂ. ಸೊನ್ನೆ ಹತ್ತಿರ ಇಲ್ಲದಿದ್ದಾಗ ಅದು ಅಷ್ಟಾಗಿ ಹಿಡಿದುಕೊಳ್ಳೋದಿಲ್ಲ.

ದೊಡ್ಡದರ ಬಗ್ಗೆ ನಮ್ಮಿಬ್ಬರಿಗೂ ಸ್ವಲ್ಪ ಜಗಳವೇ ಆಯಿತು. ಅಕ್ಕನಿಗೆ 30 ಕೆ.ಜಿ. ಬೇಕಿತ್ತು, ಬಕೆಟ್ ಇಟ್ಟು ತೂಗಬಹುದು ಅಂತ. ಅಂಗಡಿಯಲ್ಲಿದ್ದ ಆ 30 ಕೆ.ಜಿ. ತಕ್ಕಡಿ 15 ಕೆ.ಜಿ. ತನಕ 2 ಗ್ರಾಂ ಲೆಕ್ಕದಲ್ಲಿ, ಅದರ ಮೇಲೆ 5 ಗ್ರಾಂ ಲೆಕ್ಕದಲ್ಲಿ ತೋರಿಸುವುದು. ನನಗೆ 10 ಕೆ.ಜಿ., 1 ಗ್ರಾಂ ಬೇಕಿತ್ತು. ಅಂಗಡಿಯವರು ತಕ್ಕಡಿಯ ಬದಿಗೆ ಅಂಟಿಸಿದ ತಗಡು ತೋರಿಸಿದರು. ಅದನ್ನು ಓದೋದನ್ನು ಎಲ್ಲರೂ ಕಲಿಯಬೇಕು. ಮ್ಯಾಕ್ಸ್ 10 ಕೆ.ಜಿ., ಮಿನ್ 20 ಗ್ರಾಂ, ಇ 1 ಗ್ರಾಂ, ದರ್ಜೆ ಮೂರು. 'ಇ' ಅಂದರೆ ತಪಾಸಣೆಗೆ ಹಿಡಿಯುವ ಒಂದೊಂದು ಅಂಕಿಯ ಲೆಕ್ಕ. ಮಿನ್ ಅಂದರೆ ಇದಕ್ಕಿಂತ ಕಡಿಮೆ ತೂಗಿದರೆ ನಂಬಬೇಡಿ ಅಂತ ತಯಾರಿಸಿದವರೇ ಬರೆದು ಕೊಟ್ಟ ಮಾತು. ದರ್ಜೆ ಮೂರರಲ್ಲಿ ಅದು 'ಇ'ಯ ಇಪ್ಪತ್ತು ಪಟ್ಟು ಇರುತ್ತದೆ, ಅಂಗಡಿ ತಕ್ಕಡಿಗಳೆಲ್ಲ ಬಹುಪಾಲು ಈ ದರ್ಜೆಯವೇ. ಚಿನ್ನದ ತಕ್ಕಡಿ ದರ್ಜೆ ಎರಡು, ನಾವು ಕೊಂಡ ಸಣ್ಣ ತಕ್ಕಡಿಯ ಮೇಲೆ ಮಿನ್ ಅರ್ಧ ಗ್ರಾಂ ಅಂತ ಇತ್ತು. ಕೊನೆಗೆ 10 ಕೆ.ಜಿ.ಯದೇ ತೆಗೆದುಕೊಂಡೆವು, ಸಾಮಾನು ತೂಗೋದು ಒಣಗಿದ್ದಾಗ, ಬೇಸಿನ್ ಬೇಸಿನ್ ಆಗಿ, 10 ಸಾಕಾಗುತ್ತೆ ಅನ್ನೋದು ನನ್ನ ವಾದ. ಎರಡು ತಕ್ಕಡಿ, ಒಂದು 200 ಗ್ರಾಂ ಮತ್ತೊಂದು 1 ಗ್ರಾಂ ತೂಕದ ಕಲ್ಲು, ಜಿಎಸ್‌ಟಿ ಎಲ್ಲಾ ಸೇರಿ 9,000 ರೂಪಾಯಿ ಆಸುಪಾಸು ಆಯಿತು. ಹದಿನಾರು ಬಟ್ಟಲಿನ ಮಣ್ಣು, ಕರೆಂಟ್, ಎರಡು ವಾರದ ಕೆಲಸ ಲೆಕ್ಕ ಹಾಕಿದರೆ ಅದು ಜಾಸ್ತಿ ಅಲ್ಲ.

ಕಾನೂನಿನ ವಿಷಯ ಬೇಗ ಹೇಳಿಬಿಡುತ್ತೇನೆ. ನಾವು ಬಟ್ಟಲನ್ನು ತೂಕದ ಲೆಕ್ಕದಲ್ಲಿ ಮಾರೋದಿಲ್ಲ, ಒಳಗಿನ ಬಳಕೆಗೆ ಮಾತ್ರ ತಕ್ಕಡಿ ಇದ್ದರೆ ಮುದ್ರೆಯ ತಲೆನೋವಿಲ್ಲ. ಆದರೆ ಕಲಿಯಲು ಬರುವವರಿಗೆ ಮಣ್ಣನ್ನು ಕೆ.ಜಿ. ಲೆಕ್ಕದಲ್ಲಿ ಮಾರಿದರೆ, ಅಥವಾ ಬೇರೆಯವರ ಪಾತ್ರೆ ಸುಟ್ಟುಕೊಡೋಕೆ ತೂಕದ ಮೇಲೆ ದುಡ್ಡು ತೆಗೆದುಕೊಂಡರೆ ಅದು ವ್ಯಾಪಾರ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಪ್ರಕಾರ ಆಗ ಇಲಾಖೆಯ ಮುದ್ರೆ ಇರುವ ತಕ್ಕಡಿಯೇ ಬೇಕು, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಂದು ಸಲ ಮತ್ತೆ ತಪಾಸಣೆ ಮಾಡಿಸಬೇಕು. ಮುದ್ರೆ ಇರುವುದನ್ನು ನೀವೇ ಬಿಚ್ಚಿ ಸರಿ ಮಾಡುವ ಹಾಗಿಲ್ಲ, ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಹೋಗಬೇಕು. ಅಗ್ಗದ ಅಡುಗೆಮನೆ ತಕ್ಕಡಿಗಳ ತಳದಲ್ಲಿ ವ್ಯಾಪಾರಕ್ಕೆ ಅಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ನೋಡಿಕೊಳ್ಳಿ.

ಇನ್ನೊಂದು ವಿಷಯಕ್ಕೆ ನಾವು ಒಂದು ಇಡೀ ಸಂಜೆ ಕೂತು ಲೆಕ್ಕ ಹಾಕಿದೆವು. ಗುರುತ್ವ ಎಲ್ಲ ಊರಲ್ಲೂ ಒಂದೇ ಅಲ್ಲ. ದೆಹಲಿಯಲ್ಲಿ (ಮೀಟರ್ ಪ್ರತಿ ಸೆಕೆಂಡ್ ವರ್ಗದ ಲೆಕ್ಕದಲ್ಲಿ) 9.791ರ ಆಸುಪಾಸು, ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಭೂಮಧ್ಯ ರೇಖೆಗೂ ಹತ್ತಿರ, ಇಲ್ಲಿ 9.780. ಅಲ್ಲಿ ಹೊಂದಿಸಿದ ತಕ್ಕಡಿಯನ್ನು ಹಾಗೇ ಇಲ್ಲಿಗೆ ತಂದರೆ 1 ಕೆ.ಜಿ.ಗೆ ಸುಮಾರು 1 ಗ್ರಾಂ ಕಡಿಮೆ ತೋರಿಸುತ್ತದೆ. ಚಿನ್ನದವರಿಗೆ ಇದು ದೊಡ್ಡ ವಿಷಯ. ನಮಗೆ ಏನೂ ಅಲ್ಲ, ಯಾಕೆಂದರೆ ಗ್ಲೇಜ್ ಅನ್ನೋದು ಪೂರ್ತಿ ಅನುಪಾತದ ಲೆಕ್ಕ. ಎಲ್ಲ ಸಾಮಾನೂ ಸಾವಿರಕ್ಕೆ ಒಂದು ಪಾಲು ಕಡಿಮೆ ತೋರಿಸಿದರೆ ಅನುಪಾತ ಕದಲೋದಿಲ್ಲ. ಎರಡು ತಕ್ಕಡಿ ಬಳಸುವಾಗ ಎರಡೂ ಒಂದೇ ಮಾತು ಹೇಳಬೇಕು, ಅಷ್ಟು ನೋಡಿಕೊಂಡರೆ ಆಯಿತು. ಅದಕ್ಕೇ 200 ಗ್ರಾಂ ಕಲ್ಲು ಕೊಂಡದ್ದು. ಎಂ1 ದರ್ಜೆಯ ಕಲ್ಲು, 200 ಗ್ರಾಂಗೆ 10 ಮಿಲಿಗ್ರಾಂ ತನಕ ಆಚೀಚೆ ಇರಬಹುದು, ಅಂದರೆ ನಮ್ಮ ಸಣ್ಣ ತಕ್ಕಡಿಯ ಒಂದು ಅಂಕಿ. ತಿಂಗಳಿಗೊಮ್ಮೆ ಎರಡರ ಮೇಲೂ ಇಟ್ಟು ಪುಸ್ತಕದಲ್ಲಿ ಬರೆದಿಡುತ್ತೇವೆ.

ಮನೆಗೆ ತಂದು ಮರದ ಟೇಬಲ್ ಮೇಲೆ ಇಟ್ಟರೆ ಸಣ್ಣ ತಕ್ಕಡಿಯ ಕೊನೇ ಅಂಕಿ ನಿಲ್ಲಲೇ ಇಲ್ಲ. ಬೀದಿಯಲ್ಲಿ ಬಸ್ ಹೋದರೆ ಕುಣಿಯುತ್ತದೆ, ಪಕ್ಕದಲ್ಲಿ ಅಕ್ಕ ಮಣ್ಣು ನಾದಿದರೆ ಕುಣಿಯುತ್ತದೆ. ಮೂಲೆಯಲ್ಲಿ ನಾಲ್ಕು ಸಿಮೆಂಟ್ ಬ್ಲಾಕ್ ಜೋಡಿಸಿ ಅದರ ಮೇಲೆ ಒಂದು ಕಡಪ ಕಲ್ಲು ಹಾಸಿದೆವು, ಗೋಡೆಗೆ ತಾಗದ ಹಾಗೆ. ಅಲ್ಲಿಗೆ ಅದು ಸರಿ ಹೋಯಿತು. ಫ್ಯಾನ್ ಇದ್ದರೆ ಮಾತ್ರ 0.05 ತನಕ ಆಡುತ್ತದೆ. ತೂಗುವಾಗ ಫ್ಯಾನ್ ಆಫ್ ಮಾಡಲೇಬೇಕು, ತಕ್ಕಡಿಗಿಂತ ಮುಖ್ಯ ಕಾರಣಕ್ಕೆ. ಸಿಲಿಕಾ ಪುಡಿ ಗಾಳಿಗೆ ಎದ್ದು ಶ್ವಾಸಕೋಶಕ್ಕೆ ಹೋದರೆ ಮತ್ತೆ ಹೊರಗೆ ಬರೋದಿಲ್ಲ, ವರ್ಷಗಟ್ಟಲೆ ಹೋದರೆ ಸಿಲಿಕೋಸಿಸ್. ಎನ್95 ಮಾಸ್ಕ್ ಹಾಕಿ, ಆಮೇಲೆ ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲೇ ಒರೆಸಿ. ಕೋಬಾಲ್ಟ್, ಕ್ರೋಮ್ ಮುಟ್ಟುವಾಗ ಗ್ಲೌಸ್ ಬೇಕು. ತಕ್ಕಡಿಯನ್ನು ಒಂದು ತೆಳು ಪ್ಲಾಸ್ಟಿಕ್ ಕವರ್ ಒಳಗೆ ಇಟ್ಟು ಮೇಲಿಂದಲೇ ಬಟನ್ ಒತ್ತುತ್ತೇವೆ, ಪುಡಿ ಒಳಗೆ ಹೋದರೆ ತೂಕ ಗ್ರಹಿಸುವ ಅದರ ಲೋಡ್ ಸೆಲ್‌ಗೆ ತೊಂದರೆ. ಆನ್ ಮಾಡಿ ಹತ್ತು ಹದಿನೈದು ನಿಮಿಷ ಬಿಟ್ಟು ತೂಗಲು ಶುರು ಮಾಡುತ್ತೇವೆ.

ಇನ್ನು ಆ ಟೈಲ್. ಹೊಸ ತಕ್ಕಡಿಯಲ್ಲಿ ಗ್ಲೇಜ್ ತೂಗಿ 0.2, 0.3, 0.4, 0.5, 0.6 ಪರ್ಸೆಂಟಿನ ಐದು ಟೈಲ್ ಮಾಡಿದೆವು. 200 ಗ್ರಾಂಗೆ 0.2 ಪರ್ಸೆಂಟ್ ಅಂದರೆ 0.4 ಗ್ರಾಂ, ತಗಡಿನಲ್ಲಿ ಬರೆದ ಮಿನ್‌ಗಿಂತ ಕೆಳಗೆ. ಅದಕ್ಕೆ 1 ಪಾಲು ಕೋಬಾಲ್ಟಿಗೆ 9 ಪಾಲು ಸಿಲಿಕಾ ಸೇರಿಸಿ ಚೆನ್ನಾಗಿ ಅರೆದು ಒಂದು ಡಬ್ಬಿ ಮಾಡಿಕೊಂಡೆವು. ಈಗ 0.4 ಗ್ರಾಂ ಕೋಬಾಲ್ಟ್ ಬೇಕಾದರೆ ಆ ಮಿಶ್ರಣ 4 ಗ್ರಾಂ ತೂಗಿದರೆ ಸಾಕು, ಗ್ಲೇಜಿನ ಸಿಲಿಕಾದಲ್ಲಿ 3.6 ಗ್ರಾಂ ಕಡಿಮೆ ಮಾಡಿದರೆ ಆಯಿತು. ಸಣ್ಣ ತಕ್ಕಡಿ ಕೊಳ್ಳೋಕೆ ಈಗ ಆಗೋದಿಲ್ಲ ಅನ್ನುವವರಿಗೂ ಇದೇ ದಾರಿ. ಐದೂ ಟೈಲ್ ಸುಟ್ಟು ತೆಗೆದು, ಹಳೇ ಟೈಲನ್ನು ಬಾಗಿಲ ಬೆಳಕಿನಲ್ಲಿ ಒಂದೊಂದರ ಪಕ್ಕ ಹಿಡಿದೆವು. 0.3ರ ಪಕ್ಕ ಬಂದಾಗ ಅಕ್ಕ ಎರಡನ್ನೂ ಅಂಚಿಗೆ ಅಂಚು ಸೇರಿಸಿದಳು, ಗೆರೆ ಕಾಣಲಿಲ್ಲ. 200 ಗ್ರಾಂಗೆ 0.3 ಪರ್ಸೆಂಟ್, 0.6 ಗ್ರಾಂ. ಚಿನ್ನದಂಗಡಿಯಲ್ಲಿ ಬರೆದುಕೊಂಡ ಐದು ಅಂಕಿಗಳಲ್ಲಿ ಮೂರು ಅದರ ಹತ್ತಿರದವೇ.

ಉಳಿದದ್ದು ಬಕೆಟಿನ ಇಂಕ್ ನೀಲಿ. ಚೆಲ್ಲೋಕೆ ಮನಸ್ಸಿಲ್ಲ. ಬಿಳಿ ಗ್ಲೇಜ್ ಸೇರಿಸಿ ತೆಳು ಮಾಡಬಹುದು, ಆದರೆ ನೀರು ಸೇರಿದ ಬಕೆಟಿನಲ್ಲಿ ಒಣ ಪುಡಿ ಎಷ್ಟಿದೆ ಅಂತ ಗೊತ್ತಾಗಬೇಕಲ್ಲ? ಇದಕ್ಕೆ ಫ್ರಾನ್ಸಿನ ಸೆವ್ರ್ ಪಿಂಗಾಣಿ ಕಾರ್ಖಾನೆಯನ್ನು 1800ರಿಂದ 1847ರ ತನಕ ನಡೆಸಿದ ಅಲೆಕ್ಸಾಂಡ್ರ್ ಬ್ರೊಂನ್ಯಾರ್ ಹೆಸರಿನ ಸೂತ್ರ ಇದೆ. ಲೀಟರ್ ಜಗ್ಗಿನಲ್ಲಿ ಅಳೆದರೆ ಬಕೆಟಿನಲ್ಲಿ 6 ಲೀಟರ್ ಇತ್ತು. ಬಕೆಟಿನ ತೂಕ ಕಳೆದು 8.7 ಕೆ.ಜಿ. ಬರೀ ನೀರಾಗಿದ್ದರೆ 6 ಕೆ.ಜಿ. ಇರಬೇಕಿತ್ತು, ಹೆಚ್ಚಾದದ್ದು 2.7. ಪುಡಿ ನೀರಿಗಿಂತ ಸುಮಾರು 2.6 ಪಟ್ಟು ಭಾರ, ಹಾಗಾಗಿ 2.7ನ್ನು 2.6ರಿಂದ ಗುಣಿಸಿ 1.6ರಿಂದ ಭಾಗಿಸಿದರೆ ಸುಮಾರು 4.39 ಕೆ.ಜಿ. ಒಣ ಪುಡಿ. ಅದರಲ್ಲಿ ಕೋಬಾಲ್ಟ್ 21.8 ಗ್ರಾಂ. ಅಷ್ಟು ಕೋಬಾಲ್ಟ್ 0.3 ಪರ್ಸೆಂಟ್ ಆಗಬೇಕಾದರೆ ಇನ್ನೂ 2 ಕೆ.ಜಿ. 900 ಗ್ರಾಂ ಬಿಳಿ ಗ್ಲೇಜ್ ಬೇಕು. ಬಕೆಟ್ ಸಮೇತ ತಕ್ಕಡಿ ಮೇಲೆ ಅವತ್ತು 9.4 ಕೆ.ಜಿ. ಇತ್ತು. ಇನ್ನೊಂದು ಲೀಟರ್ ಇದ್ದಿದ್ದರೆ 10 ಕೆ.ಜಿ. ದಾಟುತ್ತಿತ್ತು, ಎರಡು ಸಲ ತೂಗಬೇಕಾಗುತ್ತಿತ್ತು. 30 ಕೆ.ಜಿ. ಬೇಕು ಅಂದ ಅಕ್ಕನ ಮಾತಿನಲ್ಲೂ ನ್ಯಾಯ ಇತ್ತು.

ಸೇರಿಸಿ, ಜರಡಿ ಹಿಡಿದು, ನೀರು ಹೊಂದಿಸಿ 100 ಮಿ.ಲೀ. ತೂಗಿ 145 ಗ್ರಾಂಗೆ ತಂದು, ಒಂದು ಬಟ್ಟಲು ಸುಟ್ಟು ನೋಡಿದೆವು. ಟೈಲಿನ ಬಣ್ಣ ಬಂತು. ಮತ್ತೆ ಹದಿನಾರು ಬಟ್ಟಲು ತಿರುಗಿಸಿ, ಹೋಟೆಲಿನವರ 48ನ್ನೂ ಅದೇ ಬಕೆಟಿನಲ್ಲಿ ಮುಗಿಸಿ, ಹೇಳಿದ್ದಕ್ಕಿಂತ ಐದು ವಾರ ತಡವಾಗಿ ಕೊಟ್ಟೆವು. ಗಾಢ ನೀಲಿಯ ಹದಿನಾರರಲ್ಲಿ ಎಂಟನ್ನು ಅವರೇ ಚಟ್ನಿಗೆ ಬೇಕು ಅಂತ ತೆಗೆದುಕೊಂಡರು. ಅಡುಗೆಮನೆ ತಕ್ಕಡಿ ಈಗ ವೀಲ್ ಪಕ್ಕದಲ್ಲಿದೆ, ಮಣ್ಣಿನ ಉಂಡೆಗೆ ಮಾತ್ರ, 420 ಗ್ರಾಂ, ಮಗ್ಗಿಗೆ.